ಪೈಲ್ವಾನನ ಹೆಪ್ಪು

“ಒಂದು ವಾರ! ಒಂದೇ ಒಂದು ವಾರದಾಗ ಈ ನಾಯಿ ಹೊಟ್ಟಿ ಕಬ್ಬಿಣದಂಗ ಮಾಡಿ ತೋರಸ್ತೇನಿ! ಇಲ್ಲಾಂದ್ರ ನನ್ನ ಹೆಸರು ಗುರುಬಸವ ಅಲ್ಲ!”

ಧಾರವಾಡದ ಆ ಓಣಿಯಲ್ಲಿ ಗುರುಬಸವ ತನ್ನ ಹೆಸರನ್ನು ಹೀಗೆ ಪಣಕ್ಕಿಟ್ಟದ್ದು ಅದೇ ಮೊದಲಲ್ಲ. ಮಿಕ್ಸರ್ ರಿಪೇರಿ ಮಾಡುತ್ತೇನೆಂದು ಹೊರಟಾಗ ಒಮ್ಮೆ, ಮಾಳಿಗೆ ಸೋರುವುದನ್ನು ನಿಲ್ಲಿಸುತ್ತೇನೆಂದು ಏಣಿ ಹತ್ತಿದಾಗ ಒಮ್ಮೆ ಪಣಕ್ಕಿಟ್ಟು ಸೋತಿದ್ದ. ನ್ಯಾಯವಾಗಿ ನೋಡಿದರೆ ಇಷ್ಟರಲ್ಲಿ ಅವನಿಗೆ ಹೆಸರೇ ಉಳಿದಿರಬಾರದಿತ್ತು! ಆದರೆ ಈ ಸಲದ ಮಾತು ಬೇರೆ. ಇಪ್ಪತ್ತು ವರ್ಷದಿಂದ ಅವನದು ಹತ್ತಿಕಾಳು, ಹಿಂಡಿಯ ಅಂಗಡಿ. ಯಾವ ಎಮ್ಮೆಗೆ ಏನು ತಿನ್ನಿಸಬೇಕು ಎಂದು ಸುತ್ತಲಿನ ಹಳ್ಳಿಯವರು ಅವನನ್ನೇ ಕೇಳುತ್ತಿದ್ದರು.

“ಎಮ್ಮಿ ಹೊಟ್ಟಿಯಾಗ ನಾಕು ಖೋಲಿ ಅದಾವ. ನಾಕೂ ನನಗ ಗೊತ್ತು. ನಾಯಿದೇನು, ಒಂದ ಖೋಲಿ!” ಎಂದು ಹೆಂಡತಿಯ ಎದುರು ಎದೆಯುಬ್ಬಿಸಿದ.

“ಆ ಒಂದು ಖೋಲಿ ಬಾಗಲಾನ ಮುಚ್ಚವಲ್ದಲ್ರಿ” ಎಂದಳು ರಾಜೇಶ್ವರಿ, ಬಕೆಟ್ಟು ಮತ್ತು ಕಸಬರಿಗೆ ಹಿಡಿದುಕೊಂಡು.

ನಾಯಿಯ ಹೆಸರು ಪೈಲ್ವಾನ. ಹೆಸರಷ್ಟೇ ಪೈಲ್ವಾನನದು, ಹೊಟ್ಟೆ ಗಾಜಿನದು. ಎರಡು ವರ್ಷದ ಹಿಂದೆ ಅಂಗಡಿಯ ಹಿಂಡಿ ಚೀಲಗಳ ಸಂದಿಯಲ್ಲಿ ಕುಂಯ್‌ಗುಡುತ್ತಿದ್ದ ಅಂಗೈಯಗಲದ ಮರಿಯನ್ನು ಗುರುಬಸವ ಅಂಗಿಯೊಳಗಿಟ್ಟುಕೊಂಡು ಮನೆಗೆ ತಂದಿದ್ದ. ಅಂದಿನಿಂದ ಅದರ ಮೇಲೆ ಅವನಿಗೆ ಪ್ರಾಣ. ಆ ಪ್ರೀತಿಯ ಭರದಲ್ಲಿ ಅವನು ತಿಂದ ಮಿರ್ಚಿಯಲ್ಲಿ ಅರ್ಧ, ಗಿರ್ಮಿಟ್‌ನಲ್ಲಿ ಅರ್ಧ, ಪೇಢೆಯಲ್ಲಿ ಅರ್ಧ ಪೈಲ್ವಾನನಿಗೆ! ಪರಿಣಾಮವನ್ನು ವಿವರಿಸುವುದು ಬೇಡ. ಇದನ್ನು ಓದುವವರಲ್ಲಿ ಕೆಲವರು ಊಟಕ್ಕೆ ಕೂತಿರಬಹುದು.

ಆ ಭಾನುವಾರ ಮುಂಜಾನೆ ಮಾತ್ರ ಪರಿಣಾಮ ಆಗಬಾರದ ಜಾಗದಲ್ಲಿ ಆಯಿತು. ಗುರುಬಸವನ ತಾಯಿ ದಾನವ್ವ ಅಂಗಳ ಸಾರಿಸಿ, ರಂಗೋಲಿ ಹಾಕಿ ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಪೈಲ್ವಾನ ಓಡಿ ಬಂದು ಆ ರಂಗೋಲಿಯ ನಟ್ಟನಡುವೆ ಕೂತುಬಿಟ್ಟಿತು. ಅದೇ ವಾರದಲ್ಲಿ ಮೂರನೇ ಸಲ!

“ಗುರಬಸ್ಯಾ! ನಾಳೆ ಬಿಟ್ಟು ಮುಂದಿನ ಸೋಮವಾರ ತನಕ ನೋಡತೇನಿ. ಅಷ್ಟರಾಗ ಇದರ ಹೊಟ್ಟಿ ನಿಲ್ಲಲಿಲ್ಲಂದ್ರ ಶಿರಗುಪ್ಪಿ ಹೊಲಕ್ಕ ಕಳಸಿಬಿಡತೇನಿ. ಅಲ್ಲೆ ಎಲ್ಲೆ ಬೇಕಾದಲ್ಲೆ ಕುಂದರವಲ್ದ್ಯಾಕ!”

ದಾನವ್ವನ ಮಾತೆಂದರೆ ಕಲ್ಲಿನ ಮೇಲೆ ಕೊರೆದ ಗೆರೆ. ಗುರುಬಸವ ಪಣ ತೊಟ್ಟದ್ದು ಆಗಲೇ. ತೊಟ್ಟವನೇ ಪೈಲ್ವಾನನನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಪ್ರಾಣಿವೈದ್ಯ ಕಲ್ಲೇಶ ಡಾಕ್ಟರ ಮನೆಗೆ ಹೋದ.

ಡಾಕ್ಟರು ಹೊಟ್ಟೆ ಒತ್ತಿ ನೋಡಿ, ನಾಯಿಯ ಚಿತ್ರವಿದ್ದ ಒಂದು ಡಬ್ಬಿ ಕೈಗಿತ್ತರು. “ಪ್ರೋಬಯಾಟಿಕ್ ಅಂತಾರ್ರಿ ಇದಕ್ಕ. ಇದರಾಗ ಹೊಟ್ಟಿಗೆ ಛಲೋ ಮಾಡೂ ಜೀವಾಣು ಇರ್ತಾವ. ದಿನಾ ಒಂದು ಪಾಕೀಟು, ಆರಿದ ಅನ್ನದಾಗ ಕಲಸಿ ಹಾಕ್ರಿ. ಜೋಡಿಗೆ ಬೇಯಿಸಿದ ಕುಂಬಳಕಾಯಿ. ಮಿರ್ಚಿ, ಗಿರ್ಮಿಟ್ ಎಲ್ಲಾ ಬಂದ್!”

“ಅಂದ್ರ ಜೀವ ಇರತೈತಿ ಅಂದಂಗಾತು ಈ ಪುಡಿಯಾಗ?”

“ಹೌದ್ರಿ. ಮಸರಿನ್ಯಾಗ ಇರ್ತಾವಲ್ಲ, ಅಂಥಾವ ಅನ್ಕೋರಿ.”

ಮೊಸರು! ಆ ಒಂದು ಮಾತು ಗುರುಬಸವನ ತಲೆಯೊಳಗೆ ಬಿದ್ದದ್ದೇ ಎಲ್ಲ ಅನರ್ಥಕ್ಕೂ ಮೂಲವಾಯಿತು.

ಮಧ್ಯಾಹ್ನ ಪಾಕೀಟು ಒಡೆದು ಅನ್ನದ ಮೇಲೆ ಉದುರಿಸಿದ. ಪೈಲ್ವಾನ ಮೂಸಿತು. ತಲೆಯೆತ್ತಿ ಯಜಮಾನನ ಮುಖ ನೋಡಿತು. ಆಮೇಲೆ ಫಡಕ್ಕನೆ ಸೀನಿತು! ಪುಡಿಯೆಲ್ಲ ಹಾರಿ ಗುರುಬಸವನ ಮೀಸೆಯ ಮೇಲೆ ಕೂತಿತು.

“ನಿಮ್ಮ ಹೊಟ್ಟಿಗ್ಯರ ಛಲೋ ಆತು ಬಿಡ್ರಿ” ಎಂದಳು ರಾಜೇಶ್ವರಿ.

ಮೀಸೆ ಒರೆಸಿಕೊಳ್ಳುತ್ತಿದ್ದಾಗಲೇ ಗುರುಬಸವನಿಗೆ ಜ್ಞಾನೋದಯವಾಯಿತು. ನಾಯಿ ಪುಡಿ ತಿನ್ನುವುದಿಲ್ಲ, ಮೊಸರನ್ನಾದರೆ ತಟ್ಟೆ ಸಮೇತ ತಿನ್ನುತ್ತದೆ. ಪುಡಿಯಲ್ಲಿ ಜೀವವಿದೆ. ಜೀವವಿದ್ದದ್ದನ್ನು ಹಾಲಿಗೆ ಬಿಟ್ಟರೆ ಹೆಪ್ಪಾಗಲೇಬೇಕು! ಒಮ್ಮೆ ಹೆಪ್ಪಾಯಿತೋ, ಅದರಿಂದ ನಾಳೆಗೆ, ನಾಳಿನದರಿಂದ ನಾಡಿದ್ದಿಗೆ. ಇಷ್ಟು ಸರಳ ವಿಚಾರ ಡಾಕ್ಟರಿಗೆ ಹೊಳೆಯಲಿಲ್ಲವಲ್ಲ ಎಂದು ಅವರ ಬಗ್ಗೆ ಅವನಿಗೆ ಕನಿಕರವೇ ಬಂತು.

ಸಂಜೆ ದಾನವ್ವ ಮಠಕ್ಕೆ ಹೋದದ್ದೇ ತಡ, ಒಲೆಯ ಮೇಲಿಂದ ಆಗಷ್ಟೇ ಇಳಿಸಿದ ಹಾಲನ್ನು ತಂಬಿಗೆಗೆ ಬಗ್ಗಿಸಿ, ಉಗಿ ಏಳುತ್ತಿದ್ದ ಆ ಹಾಲಿಗೆ ಉಳಿದ ಒಂಬತ್ತು ಪಾಕೀಟುಗಳನ್ನೂ ಒಟ್ಟಿಗೆ ಸುರಿದು, ಜೋಳದ ಹಿಟ್ಟಿನ ಡಬ್ಬಿಯ ಹಿಂದೆ ಬಚ್ಚಿಟ್ಟ.

ಬಚ್ಚಿಡಲು ಕಾರಣವಿತ್ತು. ಆ ಮನೆಯಲ್ಲಿ ಹೆಪ್ಪು ಎಂದರೆ ಸಾಮಾನ್ಯ ಮಾತಲ್ಲ. ನಲವತ್ತೈದು ವರ್ಷದ ಹಿಂದೆ ದಾನವ್ವ ಮದುವೆಯಾಗಿ ಬರುವಾಗ ಗರಗದ ತವರುಮನೆಯಿಂದ ಹಿತ್ತಾಳೆ ಬಟ್ಟಲಲ್ಲಿ ಹೆಪ್ಪು ತಂದಿದ್ದಳು. ಅಂದಿನಿಂದ ಒಂದು ದಿನವೂ ಅದು ತಪ್ಪಿರಲಿಲ್ಲ. ಓಣಿಯಲ್ಲಿ ಯಾರ ಮನೆಯ ಮೊಸರು ಕೆಟ್ಟರೂ ಬಟ್ಟಲು ಹಿಡಿದು ಬರುವುದು ದಾನವ್ವನ ಬಾಗಿಲಿಗೇ. ಅಂಥ ಅಡಿಗೆಮನೆಯಲ್ಲಿ ನಾಯಿಯ ಔಷಧಕ್ಕೆ ಹೆಪ್ಪು ಹಾಕಿದ್ದು ಗೊತ್ತಾದರೆ ಪೈಲ್ವಾನನನ್ನು ಕಳಿಸಲು ಅವಳು ಸೋಮವಾರದವರೆಗೆ ಕಾಯುತ್ತಿರಲಿಲ್ಲ!

ಮರುದಿನ ಎದ್ದು ತಂಬಿಗೆ ಇಣುಕಿದರೆ, ಆಹಾ! ಚಮಚ ನೆಟ್ಟರೆ ನೆಟ್ಟಗೆ ನಿಲ್ಲುವಂಥ ಮೊಸರು! ಮೇಲೆ ಬೆರಳು ದಪ್ಪದ ಕೆನೆ!

“ನೋಡು, ನೋಡು! ವಿಜ್ಞಾನ ಅಂದ್ರ ಇದು!” ಎಂದು ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದ. ಅವಳು ಕುಂಬಳಕಾಯಿ ಹೆಚ್ಚುತ್ತ ಸುಮ್ಮನೆ ಹೂಂಗುಟ್ಟಿದಳು. ಅರ್ಧ ಮೊಸರನ್ನು ಅನ್ನಕ್ಕೆ ಕಲಸಿ ಹಾಕಿದರೆ ಪೈಲ್ವಾನ ತಟ್ಟೆ ನೆಕ್ಕಿ ನೆಕ್ಕಿ ಅಂಗಳದ ಆ ತುದಿಯವರೆಗೆ ತಳ್ಳಿಕೊಂಡು ಹೋಯಿತು. ಉಳಿದರ್ಧವನ್ನು ನಾಳಿನ ಹೆಪ್ಪಿಗೆಂದು ಅದೇ ಡಬ್ಬಿಯ ಹಿಂದಿಟ್ಟು ಗುರುಬಸವ ಸೀಟಿ ಹಾಕುತ್ತ ಅಂಗಡಿಗೆ ಹೋದ.

ಸಂಜೆ ಬಂದು ನೋಡಿದರೆ ತಂಬಿಗೆ ತೊಳೆದು ಬೋರಲು ಹಾಕಿದೆ!

“ಇದರಾಗಿಂದು ಎಲ್ಲಿ?”

“ಮಧ್ಯಾಹ್ನ ಗುಲ್ಜಾರಬಿ ಹೆಪ್ಪು ಕೇಳಾಕ ಬಂದಿದ್ರು. ಅತ್ತ್ಯಾರು ಅದರಾಗಿಂದ ಕೊಟ್ರು. ಆಮ್ಯಾಲ ಸೋಮಪ್ಪ ಮಾಸ್ತರ ಮನಿಯವರು ಬಂದ್ರು, ಅವರಿಗೂ ಕೊಟ್ರು. ಉಳಿದದ್ದು ನಮ್ಮ ಗಡಿಗಿಗೆ ಹಾಕಿದ್ರು.”

ನಲವತ್ತೈದು ವರ್ಷದ ಹೆಪ್ಪಿಗೆ ನಾಯಿಯ ಔಷಧ! ಅದೂ ಮನೆಮನೆಗೆ! ಚಪ್ಪಲಿ ಕೂಡ ಹಾಕಿಕೊಳ್ಳದೆ ಗುಲ್ಜಾರಬಿಯ ಮನೆಗೆ ಓಡಿದ.

“ಆ ಹೆಪ್ಪು ತಿರುಗಿ ಕೊಡ್ರಿ! ಸ್ವಲ್ಪ... ಸ್ವಲ್ಪ ಹುಳಿ ಐತಿ ಅದು!”

“ಹುಳಿ ಎಲ್ಲೈತ್ರಿ ಅಣ್ಣಾರ? ಬೆಣ್ಣಿ ಬೆಣ್ಣಿ ಐತಿ! ಆಗಲೇ ಹಾಲಿಗೆ ಹಾಕಿಬಿಟ್ಟೆ.”

ಸೋಮಪ್ಪ ಮಾಸ್ತರ ಮನೆಯಲ್ಲಿ ಆಗತಾನೆ ದೀಪ ಹಚ್ಚಿದ್ದರು. ಮಾಸ್ತರು ಕನ್ನಡಕದ ಮೇಲಿಂದ ನೋಡಿದರು. “ಗುರುಬಸವ, ದೀಪಾ ಹಚ್ಚಿದ ಮ್ಯಾಲ ಮಸರು ಹೊಸ್ತಿಲಾ ದಾಟತೈತೇನೋ? ನಿಮ್ಮವ್ವನ ಕೈಯಾಗ ಬೆಳೆದಾಂವ, ಅಷ್ಟೂ ತಿಳಿಯೂದಿಲ್ಲ?”

ಅವನು ಸಪ್ಪೆ ಮುಖ ಹೊತ್ತು ಮನೆಗೆ ಬಂದ. ಬೆಳಗಾಗುವಷ್ಟರಲ್ಲಿ ಆ ಹೆಪ್ಪು ಎರಡು ಮನೆಯ ಗಡಿಗೆ ತುಂಬಿತ್ತು. ಬುಧವಾರ ನಾಲ್ಕು ಮನೆ, ಗುರುವಾರ ಏಳು. ಹೇಳೋಣವೆಂದರೆ ಪೈಲ್ವಾನನ ಗತಿ, ಬಿಡೋಣವೆಂದರೆ ಓಣಿಯ ಗತಿ! ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವನಂತೆ ವಾರವಿಡೀ ಅಲೆದಾಡಿದ. ನಾಯಿಗೆ ಮನೆಯ ಗಡಿಗೆಯಿಂದಲೇ ಕದ್ದು ಮೊಸರು ಹಾಕುತ್ತಿದ್ದ. ತಾನು ಮಾತ್ರ ಊಟದಲ್ಲಿ ಮೊಸರು ಮುಟ್ಟಲಿಲ್ಲ.

ವಿಚಿತ್ರವೆಂದರೆ ಓಣಿಗೆ ಏನೂ ಆಗಲಿಲ್ಲ. ಆದದ್ದೆಲ್ಲ ಒಳ್ಳೆಯದೇ! ಶುಕ್ರವಾರ ಸೋಮಪ್ಪ ಮಾಸ್ತರು ಕಟ್ಟೆಯ ಮೇಲೆ ಕೂತು, “ಈ ವಾರ ನಿಮ್ಮವ್ವನ ಮಸರು ಏನ ಅದ್ಭುತಪಾ! ನನ್ನ ಹೊಟ್ಟಿ ಉಬ್ಬರಾ ಪೂರಾ ಇಳೀತು!” ಎಂದರು. ಹಾಗೆ ಹೇಳುತ್ತಲೇ ಕಿವಿಯ ಹಿಂದೆ ಪರಪರ ಕೆರೆದುಕೊಂಡರು. ಗುರುಬಸವ ಅವರ ಕಿವಿಯನ್ನೇ ನೋಡಿದ. ಪೈಲ್ವಾನ ಕೆರೆದುಕೊಳ್ಳುವುದೂ ಅಲ್ಲಿಯೇ!

“ಮಾಸ್ತರ, ಯಾವಾಗಿಂದ ಹಿಂಗ... ಕಿವಿ?”

“ಸೊಳ್ಳಿ ಕಡೀತೋ ಮಾರಾಯ.”

ಪೈಲ್ವಾನನಂತೂ ಗುರುವಾರದಿಂದಲೇ ಬೇರೆ ನಾಯಿ! ಹೊತ್ತಿಗೆ ಸರಿಯಾಗಿ, ಹಿತ್ತಿಲಿನಾಚೆ, ಮರ್ಯಾದಸ್ಥರ ಹಾಗೆ. ಅಂಗಳದ ರಂಗೋಲಿ ಸಂಜೆಯವರೆಗೂ ಅಳಿಯದೆ ಉಳಿಯಿತು. ಅದನ್ನು ಕಂಡಾಗೆಲ್ಲ ಗುರುಬಸವನಿಗೆ ಸಂತೋಷದಿಂದ ಕಣ್ಣು ತುಂಬುತ್ತಿತ್ತು. ಇನ್ನು ಮೂರು ದಿನ ಬಾಯಿ ಮುಚ್ಚಿಕೊಂಡಿದ್ದರೆ ಗೆದ್ದಂತೆ!

ಆದರೆ ಶನಿವಾರ ಮಾಸ್ತರ ಹೆಂಡತಿ ದೊಡ್ಡ ಪಾತೇಲಿ ಹಿಡಿದು ಬಂದರು. “ದಾನವ್ವಾರ, ನಾಳೆ ನಮ್ಮ ಮಗಳು ಜಯಾನ ಕುಬಸ. ನೂರೈವತ್ತು ಮಂದಿ. ಮಸರನ್ನಕ್ಕ ನಿಮ್ಮ ಹೆಪ್ಪನ ಬೇಕ್ರಿ. ಬಸುರಿ ಹುಡುಗಿಗೆ ಇದರ ಹೊರ್ತು ಬ್ಯಾರೆ ಏನೂ ರುಚಿ ಹತ್ತವಲ್ದು.”

ಆ ರಾತ್ರಿ ಗುರುಬಸವನಿಗೆ ನಿದ್ದೆ ಬರಲಿಲ್ಲ. ಮಾಸ್ತರು ಗಟ್ಟಿ ಜೀವ, ಹೇಗೋ ತಡೆದುಕೊಂಡರು. ಏಳು ತಿಂಗಳ ಬಸುರಿ! ಅವನು ಎತ್ತಿ ಆಡಿಸಿದ ಹುಡುಗಿ!

ಭಾನುವಾರ ಮಾಸ್ತರ ಮನೆಯ ಮುಂದೆ ಪೆಂಡಾಲು, ಹಸಿರು ಸೀರೆ ಉಟ್ಟು ಕೂತ ಜಯಾ, ಎರಡು ಸಾಲು ಪಂಕ್ತಿ. ಹೋಳಿಗೆ ಆಯಿತು, ಚಿತ್ರಾನ್ನ ಆಯಿತು, ಮೊಸರನ್ನದ ಬುಟ್ಟಿ ಬಂತು. ಜಯಾಳ ಎಲೆಗೆ ಬಡಿಸಿದ್ದೂ ಆಯಿತು. ಅವಳು ತುತ್ತು ಎತ್ತಿದಳು.

ಗುರುಬಸವನ ಕಣ್ಣ ಮುಂದೆ ಒಂದು ಕ್ಷಣ ಪೈಲ್ವಾನನ ಮುಖ ಬಂತು. ಆದರೂ ಎದ್ದು ನಿಂತು ಕೂಗಿಬಿಟ್ಟ.

“ತಡೀರಿ! ಯಾರೂ ಮಸರನ್ನ ತಿನಬ್ಯಾಡ್ರಿ! ಅದರಾಗ ನಾಯಿ ಔಷಧ ಐತಿ!”

ಇಡೀ ಪಂಕ್ತಿಯ ಕೈಗಳು ಎಲೆಗೂ ಬಾಯಿಗೂ ನಡುವೆ ನಿಂತವು. ಗುಲ್ಜಾರಬಿ ಎದೆಯ ಮೇಲೆ ಕೈ ಇಟ್ಟುಕೊಂಡಳು. ಸೋಮಪ್ಪ ಮಾಸ್ತರ ಕೈ ತಾನಾಗಿಯೇ ಕಿವಿಯ ಹಿಂದೆ ಹೋಯಿತು! ಗುರುಬಸವ ಡಬ್ಬಿ, ಪುಡಿ, ತಂಬಿಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒದರಿ ಕೈಮುಗಿದ. “ತಪ್ಪು ನಂದು. ನಮ್ಮವ್ವಗ ಏನೂ ಗೊತ್ತಿಲ್ಲ. ಪೈಲ್ವಾನನ್ನ ಇವತ್ತ ಶಿರಗುಪ್ಪಿಗೆ ಬಿಟ್ಟು ಬರತೇನಿ.”

ದಾನವ್ವ ಪಂಕ್ತಿಯ ತುದಿಯಲ್ಲಿ ಕೂತಿದ್ದವಳು ಮೆಲ್ಲನೆ ಎದ್ದಳು.

“ಎಲ್ಲಾರೂ ಉಣ್ರಿ. ಅದು ನನ್ನ ಹೆಪ್ಪು. ನಾ ಮಠದಿಂದ ಬಂದು ಹಿಟ್ಟಿನ ಡಬ್ಬಿ ತಗದ್ರ ಹಿಂದ ತಂಬಿಗಿ ಸುಡಾಕತ್ತಿತ್ತು, ಇಂವ ಕುದಿಯೂ ಹಾಲಿಗೆ ಆ ಪುಡಿ ಹಾಕಿದ್ದ. ಕುದಿಯೂ ಹಾಲಿಗೆ ಯಾರರ ಹೆಪ್ಪು ಹಾಕ್ತಾರೇನ್ರಿ? ಅದರಾಗಿನ ಜೀವ ಎಲ್ಲಾ ಅಲ್ಲೇ ಸತ್ತುಹೋಗಿದ್ದವು. ಮುಂಜಾನೆದ್ದು ನೋಡಿದ್ರ ತಂಬಿಗಿ ತುಂಬ ಬರೇ ನೀರಿನಂಥಾ ಹಾಲು. ಅದನ್ನ ಚೆಲ್ಲಿ, ತಂಬಿಗಿ ತಿಕ್ಕಿಸಿ, ನನ್ನ ಗಡಿಗಿ ಮಸರು ತುಂಬಿಟ್ಟೆ.”

ಗುರುಬಸವ ಮುಗಿದ ಕೈ ಇಳಿಸಿದ. “ಯವ್ವಾ... ಯಾಕ?”

“ಎದ್ದು ನೋಡಿ ಮಾರಿ ಸಣ್ಣ ಮಾಡ್ತೀಯಲ್ಲ, ಅದಕ್ಕ.”

ಅವನು ಹೆಂಡತಿಯ ಕಡೆ ತಿರುಗಿದ. ರಾಜೇಶ್ವರಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. “ನಿನಗೂ ಗೊತ್ತಿತ್ತೇನ?”

“ತಂಬಿಗಿ ತಿಕ್ಕಿದಾಕಿ ನಾನ ಅಲ್ರೀ! ನೀವು ವಿಜ್ಞಾನ ಅಂದ್ರಿ, ನಡುವ ಮಾತಾಡಬಾರದಂತ ಸುಮ್ಮನಿದ್ದೆ.”

ಪೆಂಡಾಲು ಹಾರಿಹೋಗುವಂತೆ ನಗೆ ಎದ್ದಿತು. ಜಯಾ ಹೊಟ್ಟೆ ಹಿಡಿದುಕೊಂಡು ನಕ್ಕು, ಎತ್ತಿದ ತುತ್ತು ಬಾಯಿಗಿಟ್ಟಳು. ಗುರುಬಸವನಿಗೆ ನಾಚಿಕೆಯಲ್ಲೂ ಒಂದೇ ಚಿಂತೆ.

“ಹಂಗಾರ ಯವ್ವಾ... ನಾಳೆ ಸೋಮವಾರ. ಪೈಲ್ವಾನ?”

ದಾನವ್ವ ಬುಟ್ಟಿಯಿಂದ ಕೈತುಂಬ ಮೊಸರನ್ನ ಎತ್ತಿ ಮಗನ ಎಲೆಗೆ ಹಾಕಿದಳು.

“ಅದನ್ಯಾಕ ಕಳಸ್ಲಿ? ಸಣ್ಣಾಂವ ಇದ್ದಾಗ ನಿನ್ನ ಹೊಟ್ಟಿನೂ ಹಿಂಗ ಇತ್ತು. ಇದ ಮಸರು ತಿನಿಸಿನಿ. ಅದಕ್ಕ ಒಂದು ವಾರದಾಗ ಗುಣಾ ಆತು. ನಿನಗ ಮೂರು ವರ್ಷ ಹಿಡದಿತ್ತು!”