ಕುಚ್ಚು ಕಟ್ಟುವ ಅತ್ತೆ, ಕ್ಯಾಮೆರಾ ಹಿಡಿಯುವ ಮಾವ

ಮೊಬೈಲ್ ಕ್ಯಾಮೆರಾಕ್ಕೆ ಕಿವಿಯಿದೆ, ಹೊಟ್ಟೆಯಿದೆ, ಹೊತ್ತುಹೊತ್ತಿಗೆ ಹಸಿವೂ ಆಗುತ್ತದೆ ಎಂದು ನಂಬಿರುವ ಏಕೈಕ ವ್ಯಕ್ತಿ ನಮ್ಮ ಸೋದರತ್ತೆ! ವಿಮಾನಪುರದ ಮನೆಯ ವರಾಂಡದಲ್ಲಿ ಕೂತು ರೇಷ್ಮೆ ಸೀರೆಯ ಸೆರಗಿಗೆ ಕುಚ್ಚು ಕಟ್ಟುವುದು ಅವರ ಕಸುಬು. ಕಟ್ಟುವುದನ್ನು ವಿಡಿಯೊ ಮಾಡಿ ಲೋಕಕ್ಕೆಲ್ಲ ತೋರಿಸುವುದು ಅವರ ಉದ್ಯಮ. ಪ್ರತಿ ವಿಡಿಯೊ ಶುರುವಾಗುವುದು “ಊಟ ಆಯ್ತಾ?” ಎಂಬ ಪ್ರಶ್ನೆಯಿಂದ. ಕೇಳಿದ ಮೇಲೆ ಸುಮ್ಮನೆ ಮುಂದಕ್ಕೆ ಹೋಗುತ್ತಾರೆಯೇ? ಇಲ್ಲ. ಸೂಜಿ ಹಿಡಿದುಕೊಂಡು ಉತ್ತರಕ್ಕೆ ಕಾಯುತ್ತಾರೆ!

“ಅತ್ತೆ, ಜನ ಕಾಯಲ್ಲ. ಅಷ್ಟರಲ್ಲಿ ಬೇರೆ ವಿಡಿಯೊಗೆ ಹೋಗ್ಬಿಡ್ತಾರೆ” ಎಂದು ಒಮ್ಮೆ ಬುದ್ಧಿ ಹೇಳಿದೆ.

“ಹೋಗ್ಲಿ ಬಿಡೇ. ಊಟಕ್ಕೆ ಏಳೋರನ್ನ ತಡೀಬಾರ್ದು.”

ವ್ಯಾಪಾರದ ಚಾತುರ್ಯವೂ ಅಷ್ಟೇ. ಮಹದೇವಪುರದ ಅಪಾರ್ಟ್‌ಮೆಂಟಿನಿಂದ ಮದುಮಗಳ ತಾಯಿಯೊಬ್ಬರು ದುಬಾರಿ ಸೀರೆಯ ಫೋಟೊ ಕಳಿಸಿ, ಎಲ್ಲಕ್ಕಿಂತ ದೊಡ್ಡ ಕುಚ್ಚಿನ ರೇಟು ಕೇಳಿದ್ದರು. ಅತ್ತೆ ಕನ್ನಡಕ ಮೇಲೇರಿಸಿ ನೋಡಿ, ಧ್ವನಿಸಂದೇಶ ಕಳಿಸಿಯೇಬಿಟ್ಟರು: “ಬ್ಯಾಡಮ್ಮ, ಸೀರೆ ಚಿನ್ನದಂಗಿದೆ. ಕುಚ್ಚು ಹಾಕಿ ಯಾಕೆ ಕೆಡಿಸ್ತೀಯ? ಹಂಗೇ ಉಡ್ಸು.” ಗಿರಾಕಿಯನ್ನು ಹೀಗೆ ಬಾಗಿಲಿಂದಲೇ ಓಡಿಸುವ ಉದ್ಯಮಿ ಬೇರೆಲ್ಲಿದ್ದಾರೆ? ಆದರೆ ಆಕೆ ಓಡಲಿಲ್ಲ. ಸತ್ಯ ಹೇಳುವ ಅಂಗಡಿಯೊಂದು ಸಿಕ್ಕಿತೆಂದು ಉಳಿದ ಸೀರೆಗಳನ್ನೆಲ್ಲ ಕ್ಯಾಬಿನಲ್ಲಿ ಹೇರಿಕೊಂಡು ಬಂದರು!

ಇನ್ನು ಛಾಯಾಗ್ರಹಣ ವಿಭಾಗ. ಅದು ಮಾವನದು. ವಿಮಾನ ಕಾರ್ಖಾನೆಯಿಂದ ನಿವೃತ್ತರಾದವರು, ಮಾತು ಕಡಿಮೆ. ಅವರ ಕೈ ನಡುಗುತ್ತದೆ. ಹಾಗಾಗಿ ವಿಡಿಯೊ, ಸೀರೆ, ಅತ್ತೆ, ವರಾಂಡ ಎಲ್ಲವೂ ನಡುಗುತ್ತವೆ. “ಬಸ್ಸಲ್ಲಿ ಕೂತ್ಕೊಂಡು ಕಟ್ತೀರಾ ಆಂಟಿ?” ಎಂದು ಒಬ್ಬ ಕಾಮೆಂಟ್ ಹಾಕಿದ. ಮರುದಿನದ ವಿಡಿಯೊದಲ್ಲೇ ಉತ್ತರ ಬಂತು: “ಹೂಂನಪ್ಪ. ಸೀಟು ಖಾಲಿಯಿದೆ. ಹತ್ಕೊಂಡು ಕಡೇ ಸ್ಟಾಪ್‌ವರೆಗೂ ಬಾ!” ಅಂದಿನಿಂದ ಅವರು ಊರಿಗೆಲ್ಲ ‘ಬಸ್ ಆಂಟಿ’.

ಹೆಸರು ಹಬ್ಬಿತು. ಇಂದಿರಾನಗರದ ಬ್ರ್ಯಾಂಡ್ ಸಲಹೆಗಾರನೊಬ್ಬನಿಂದ ಕರೆ ಬಂತು. ಹಳೆಯ ಬಂಗಲೆಯೊಂದನ್ನು ಆಫೀಸು ಮಾಡಿಕೊಂಡಿದ್ದ ಹುಡುಗ. ಅತ್ತೆಯನ್ನು ನಾನೇ ಕರೆದುಕೊಂಡು ಹೋದೆ.

“ಆಂಟಿ, ನಿಮ್ಮ ಸ್ಟೋರಿ ಏನು?” ಎಂದು ಕೇಳಿದ, ಪಾಪ. ಕೇಳಬಾರದಿತ್ತು. ಅತ್ತೆ ತಾವು ಹುಟ್ಟಿದ ಮನೆಯ ಬಾವಿಯಿಂದ ಆರಂಭಿಸಿದರು. ಅವನ ಕಾಫಿ ಆರಿತು, ಮುಂದಿನ ಮೀಟಿಂಗಿನವರು ಬಂದು ಇವರ ಕಥೆ ಕೇಳುತ್ತಾ ಕೂತರು, ಅತ್ತೆಗೆ ಇನ್ನೂ ಮದುವೆಯೇ ಆಗಿರಲಿಲ್ಲ!

ಕೊನೆಗೆ ಅವನು ವಿಷಯಕ್ಕೆ ಬಂದ. ದೊಡ್ಡ ಸೀರೆ ಅಂಗಡಿಯೊಂದು ತನ್ನ ಕುಚ್ಚಿನ ಕೆಲಸವನ್ನೆಲ್ಲ ಅತ್ತೆಗೇ ಕೊಡಲು ಸಿದ್ಧವಿದೆ. “ಒಂದೇ ಕಂಡೀಷನ್ ಆಂಟಿ. ವಿಡಿಯೊ ಶೇಕ್ ಆಗ್ಬಾರ್ದು. ನಮ್ಮ ಕ್ಯಾಮೆರಾಮನ್ ಬರ್ತಾನೆ, ಅಂಕಲ್ ರೆಸ್ಟ್ ತಗೊಳ್ಲಿ.”

“ಆಗಲ್ಲಪ್ಪ” ಎಂದು ಅತ್ತೆ ಎದ್ದೇಬಿಟ್ಟರು.

ವಾಪಸು ಬರುವಾಗ ಆಟೊ ಹಳೇ ಏರ್‌ಪೋರ್ಟ್ ರಸ್ತೆಯ ಸಿಗ್ನಲ್ಲಿನಲ್ಲಿ ನಿಂತಿತು. ನನಗೆ ತಡೆಯಲಾಗಲಿಲ್ಲ. “ಬೇರೆಯವ್ರು ಕ್ಯಾಮೆರಾ ಹಿಡಿದ್ರೆ ಏನಾಗ್ತಿತ್ತು ಅತ್ತೆ? ಎಂಥಾ ಚಾನ್ಸು!”

ಅತ್ತೆ ಆಟೊದವನಿಗೆ ಕೇಳಿಸದಂತೆ ದನಿ ತಗ್ಗಿಸಿದರು. ಅದೇ ನನಗೆ ಗಾಬರಿಯ ಸಂಗತಿ.

“ಕೈ ನಡುಗಕ್ಕೆ ಶುರುವಾದ್ಮೇಲೆ ನಿಮ್ಮ ಮಾವ ಹೊರಗೆ ಹೋಗೋದೇ ಬಿಟ್ಬಿಟ್ರು ಕಣೇ. ಮನೆಗೆ ಯಾರಾದ್ರೂ ಬಂದ್ರೆ ಒಳಗೆದ್ದು ಹೋಗೋರು. ಜನರೆದುರು ಕಾಫಿ ಚೆಲ್ಲುತ್ತೆ ಅಂತ ಲೋಟಾನೇ ಮುಟ್ತಿರ್ಲಿಲ್ಲ. ಒಂದಿನ ಕುಚ್ಚು ಕಟ್ಟೋದನ್ನ ಫೋನಲ್ಲಿ ನಿಮ್ಮಮ್ಮಂಗೆ ತೋರಿಸ್ಬೇಕಾಗಿತ್ತು, ನನ್ನ ಎರಡೂ ಕೈಲಿ ದಾರ. ಫೋನ್ ಹಿಡ್ಕೊಳ್ರೀ ಅಂದೆ. ಹಿಡ್ಕೊಂಡ್ರು. ಮುಗಿದ್ಮೇಲೆ, ನಾಳೆನೂ ಇದ್ಯಾ ಅಂತ ಕೇಳಿದ್ರು.” ಅತ್ತೆ ರಸ್ತೆಯ ಕಡೆ ತಿರುಗಿದರು. “ನಾಳೆನೂ ಇರ್ಬೇಕಲ್ಲ? ಅದಕ್ಕೇ ಶುರು ಮಾಡಿದ್ದು.”

ಸಿಗ್ನಲ್ ಹಸಿರಾಯಿತು.

ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗೇಟಿನಲ್ಲೇ ನಿಂತಿದ್ದರು. “ಏನಂದ್ರು?”

“ಎಲ್ಲಾ ಸುಮಾರು, ಕ್ಯಾಮೆರಾ ಒಂದು ಚೆನ್ನಾಗಿದೆ ಅಂದ್ರು” ಎಂದರು ಅತ್ತೆ, ಕಣ್ಣು ಮಿಟುಕಿಸದೆ.

ಮಾವ ಪಂಚೆಯ ತುದಿಯಿಂದ ಫೋನಿನ ಕಣ್ಣನ್ನು ಮೆಲ್ಲಗೆ ಒರೆಸಿ, “ಬಾರೇ, ಬೆಳಕಿದ್ದಾಗ್ಲೇ ಮುಗಿಸ್ಬಿಡೋಣ” ಎಂದರು. ಅತ್ತೆ ಗಿಳಿಹಸಿರು ಸೆರಗನ್ನು ಮಡಿಲಿಗೆಳೆದುಕೊಂಡರು. ಫೋನು ನಡುಗತೊಡಗಿತು.

ನಾನು ಒಳಗೆ ಹೋಗಿ ಮೂವರಿಗೂ ಕಾಫಿ ಮಾಡಿ ತಂದೆ. ಮಾವನ ಮುಂದೆ ಲೋಟ ಹಿಡಿದೆ.

“ಅಲ್ಲಿಡು ಮಗಳೇ” ಎಂದರು ಮಾವ, ಫೋನಿನಿಂದ ಕಣ್ಣು ಕೀಳದೆ. “ಶೂಟಿಂಗ್ ಮುಗೀಲಿ, ಎಲ್ಲಾರೂ ಒಟ್ಟಿಗೆ ಕುಡಿಯೋಣ.”