ನಾಲ್ಕು ತೋಳಿನ ಕುಪ್ಪಸ

ನಮ್ಮ ದೊಡ್ಡವ್ವನಂಥಾ ಹಟಮಾರಿ ನಿಜಾಮರ ರಾಜ್ಯದಾಗೆಲ್ಲಾ ಇನ್ನೊಬ್ಬಾಕಿ ಇದ್ದಿಲ್ಲ. ಇದ್ದಳಂದ್ರ ಕರ್ಕೊಂಡು ಬರ್ರಿ, ನಾ ನೋಡ್ತೀನಿ! ಮಸ್ಕಿ ಮಂದಿ ಎತ್ತಿಗೇ ಔಷಧ ಹಾಕ್ಸಾಕ ಹಿಂದಮುಂದ ನೋಡೋ ಕಾಲದಾಗ ನಾಯಿ ಹೊಟ್ಟಿ ಕೊಯ್ಸಿದಾಕಿ ಆಕಿ.

ನಾಯಿ ಹೆಸರು ಚಂದ್ರಿ. ಗರ್ಭದಾಗ ಕೀವು ತುಂಬಿ, ನೀರು ಕುಡಿಯೋದು ಸೈತ ಬಿಟ್ಟು ಮಲಗಿತ್ತು. ದೊಡ್ಡಪ್ಪ ಬಂಡಿ ಹೂಡಿದ. ಲಿಂಗಸೂಗೂರಿನ ದನದ ದವಾಖಾನಿ ಡಾಕ್ಟರ್ ಸಾಹೇಬ್ರು, ಗರ್ಭಚೀಲ ತೆಗೀಬೇಕು, ಉಳಿಯೋದು ಖಾತ್ರಿ ಇಲ್ಲ ಅಂದ್ರು. ತೆಗೀರಿ ಅಂದ್ಲು ದೊಡ್ಡವ್ವ. ಹೊಲಿಗಿ ಹಾಕಿ, ಹತ್ತು ದಿನ ಓಡಾಡಬಾರದು, ಗಾಯ ನೆಕ್ಕಿ ಹೊಲಿಗಿ ಬಿಚ್ಚಿದ್ರ ಸಾಯ್ತದ ಅಂತ ತಾಕೀತು ಮಾಡಿ ಕಳಿಸಿದ್ರು.

ಗರ್ಭದ ಬ್ಯಾನಿ, ಹತ್ತು ದಿನ, ಓಡಾಡಬಾರದು. ಇಷ್ಟು ಕೇಳಿದ ದೊಡ್ಡವ್ವಗ ಬ್ಯಾರೆ ಏನು ತಿಳೀಬೇಕು ಹೇಳ್ರಿ? ಬಾಣಂತನ! ಒಳಗಿನ ಕೋಣ್ಯಾಗ ಹೊರಸಿನ ಮ್ಯಾಲೆ ಚಂದ್ರಿ, ಪಡಸಾಲ್ಯಾಗ ಚಾಪಿ ಮ್ಯಾಲೆ ದೊಡ್ಡಪ್ಪ. ಹೊರಸಿನ ಕೆಳಗ ಕೆಂಡ, ಲೋಬಾನದ ಹೊಗಿ. ಚಂದ್ರಿ ಸೀನಿದ್ದು ಊರ ಬಾಗಿಲ ಅಗಸಿತನಕ ಕೇಳ್ತು. ಸೀನಿ ಸೀನಿ ಹೊಲಿಗಿ ಹರ್ಕೊಂಡೀತು ಅಂತ ದೊಡ್ಡಪ್ಪ ಕೆಂಡ ಒಯ್ದು ಹೊರಗ ಚೆಲ್ಲಿದ.

ಆದ್ರ ಚಂದ್ರಿ ಗಾಯ ನೆಕ್ಕೋದು ಬಿಡವಲ್ದು. ಅರಿವಿ ಸುತ್ತಿದ್ರ ಹರಿದು ಒಗೀತಿತ್ತು. ದೊಡ್ಡವ್ವ ಟ್ರಂಕು ತೆಗೆದು, ಮದಿವಿಗೆ ಬಂದ ಗುಳೇದಗುಡ್ಡದ ಖಣ ಕತ್ತರಿಸಿ, ನಾಲ್ಕು ತೋಳಿನ ಕುಪ್ಪಸ ಹೊಲಿದ್ಲು. ಗಾಯ ಹೊಟ್ಟಿಗೆ, ಹಂಗಾಗಿ ಗಂಟು ಬೆನ್ನ ಮ್ಯಾಲೆ. ನೀವು ನಗ್ರಿ, ಆದ್ರ ಚಂದ್ರಿ ಹಲ್ಲಿಗೆ ಗಾಯ ಸಿಗಲಿಲ್ಲ. ಓಣಿ ಹೆಂಗಸರು ನಕ್ಕೋತ ಕೊಬ್ಬರಿ ಬೆಲ್ಲ ಹಿಡ್ಕೊಂಡು ಬಾಣಂತಿ ನೋಡಾಕ ಬಂದ್ರು. ಸುಳ್ಳ ಯಾಕ ಹೇಳ್ಲಿ, ಅದನ್ನ ತಿಂದಾಕಿ ನಾನು.

ಹತ್ತನೇ ದಿನ ಮತ್ತ ಲಿಂಗಸೂಗೂರು. ಗಾಯ ಒಣಗಿತ್ತು. ಸಾಹೇಬ್ರು ಕುಪ್ಪಸ ತಿರುಗಿಸಿ ಮುರುಗಿಸಿ ನೋಡಿ, ನನ್ನ ದವಾಖಾನಿಗೂ ಇಂಥಾದೊಂದು ಹೊಲಿದು ಕೊಡ್ರಿ ಅಂದ್ರು. ನನ್ನ ಎದಿ ಎಷ್ಟು ಉಬ್ಬಿತು ಅಂದ್ರ, ದಾರಿಯುದ್ದಕ್ಕೂ ಬಂಡಿಗೆ ಎದುರು ಬಂದೋರಿಗೆಲ್ಲಾ ಅದನ್ನೇ ಹೇಳ್ಕೋತ ಬಂದೆ.

ಮನಿ ಮುಂದ ಇಳಿಯೂದ್ರಾಗ ಎದುರುಮನಿಯಾಕಿ ಕೇಳಿದ್ಲು: "ಇನ್ನ ಮರಿ ಹಾಕಂಗಿಲ್ಲ. ಇದನ್ನ ಇಟ್ಕೊಂಡು ಏನ್ಮಾಡ್ತಿ, ಯಕ್ಕಾ?"

ದೊಡ್ಡವ್ವ ಚಂದ್ರಿನ ಬಂಡಿಯಿಂದ ಸಾವಕಾಶ ಇಳಿಸ್ಕೋತ ಅಂದ್ಲು: "ನನಗೂ ಮಕ್ಕಳಾಗಲಿಲ್ಲ, ತಂಗಿ. ಇವ್ರು ನನ್ನ ಬಿಟ್ಟಾರೇನು?"

ಎತ್ತಿನ ಕೊಳ್ಳಿನ ಹಗ್ಗ ಬಿಚ್ಚಾಕತ್ತಿದ್ದ ದೊಡ್ಡಪ್ಪ ಆಕಿನ್ನ ನೋಡಿದ.

ಹೆತ್ತಾಕಿ ತೀರಿಕೊಂಡಾಗಿಂದ ನಾನು ಇವರ ಮನ್ಯಾಗೇ ಬೆಳೆದಾಕಿ. ಅವತ್ತು ಮೊದಲನೇ ಸಲ ದೊಡ್ಡವ್ವಗ "ಅವ್ವಾ" ಅಂದೆ. ಆಕಿ ತಿರುಗಿ ನೋಡಿ, ಯಾಕ ಅಂತ ಕೇಳಿದ್ಲು. ಹಸಿವಾಗ್ಯದ ಅಂದೆ.