ಕಾರ್ಪೆಟ್ ನೋಡೋಕೆ ಬರೋ ಚಾರ್ಜು

ನೀವು ನಂಬಲ್ಲ. ನಂಬಬೇಡಿ, ನನಗೇನೂ ನಷ್ಟ ಇಲ್ಲ. ಆದ್ರೂ ಹೇಳ್ಬುಡ್ತೀನಿ. ಮೈಸೂರಲ್ಲಿ ಕಾರ್ಪೆಟ್ ತೊಳೆಯೋರು ಈಗ ಸುಮ್ನೆ ಮನೆಗೆ ಬಂದು ನೋಡೋದಕ್ಕೂ ದುಡ್ಡು ಕೇಳ್ತಾರಲ್ಲ, ವಿಸಿಟಿಂಗ್ ಚಾರ್ಜು ಅಂತ, ಅದು ಶುರುವಾಗಿದ್ದು ನನ್ನಿಂದ. ಚಾಮರಾಜಪುರಂನ ಒಂದು ಮಹಡಿ ಮೇಲೆ, ಎರಡು ರೂಮಿನ ಬಾಡಿಗೆ ಮನೇಲಿ ಕೂತ್ಕೊಂಡು, ಇಡೀ ಊರಿನ ಒಂದು ವ್ಯಾಪಾರದ ರೇಟನ್ನೇ ಬದಲಾಯಿಸ್ಬುಟ್ಟೋನು ನಾನು. ನಿಮ್ಮ ಕೈಲಿ ಆಗುತ್ತಾ? ಆಗಲ್ಲ ಬುಡಿ.

ನಾನು ಪೇಟೆಯ ಒಂದು ಬಟ್ಟೆ ಅಂಗಡೀಲಿ ಪ್ಯಾಂಟ್ ಪೀಸು, ಷರ್ಟ್ ಪೀಸು ಹರಿದು ಹರಿದು ಮುದುಕನಾದೋನು. ಅಂಗಡೀಲಿ ನನ್ನ ಹೆಸರು ಹೇಳಿದ್ರೆ ಜನ ಮೊದಲು ತಮ್ಮ ಹಿಂದೆ ಯಾರಿದಾರೆ ಅಂತ ತಿರುಗಿ ನೋಡೋರು, ಅಷ್ಟು ಕೀಟಲೆ. ಬಾಗಿಲಲ್ಲಿ ಕೋಟು ಹಾಕಿ ನಿಲ್ಲಿಸ್ತಾರಲ್ಲ ಗೊಂಬೆಗಳು, ಅವುಗಳ ಮಧ್ಯೆ ನಾನೂ ಒಂದು ಕೋಟು ಹಾಕ್ಕೊಂಡು ರೆಪ್ಪೆ ಹೊಡೀದೆ ನಿಂತ್ಬುಡ್ತಿದ್ದೆ. ಗಿರಾಕಿ ಬಂದು ಬಟ್ಟೆ ಮುಟ್ಟಿ ನೋಡಿದ ತಕ್ಷಣ, “ಒಗೆದ್ರೂ ಬಣ್ಣ ಹೋಗಲ್ಲ ಸಾರ್” ಅನ್ನೋದು. ಎಷ್ಟು ಜನ ಚಪ್ಪಲಿ ಬಿಟ್ಟು ಓಡಿದಾರೆ ಗೊತ್ತಾ? ಒಂದ್ಸಲ ನನಗೆ ಮದುವೆ ಅಂತ ಅಂಗಡಿಯೋರನ್ನೆಲ್ಲ ನಂಬಿಸಿ ಉಡುಗೊರೆ ವಸೂಲು ಮಾಡ್ದೆ. ಆಮೇಲೆ ನಿಜವಾಗ್ಲೂ ಹೆಣ್ಣು ನೋಡೋಕೆ ಹೊರಟಾಗ ಒಬ್ಬನೂ ಜೊತೆಗೆ ಬರಲಿಲ್ಲ. ಒಬ್ಬನೇ ಹೋದೆ. ಹೆಣ್ಣಿನ ಕಡೆಯೋರು, “ನಿಮ್ಮ ಕಡೆಯೋರು ಯಾರೂ ಇಲ್ವಾ?” ಅಂದ್ರು. ಆ ಮದುವೆ ಅಲ್ಲಿಗೇ ನಿಂತ್ಹೋಯ್ತು, ಬೇರೆದು ಆಗಲೂ ಇಲ್ಲ.

ರಿಟೈರ್ ಆದಾಗ ಧಣಿಗಳು ಉಂಗುರ ಕೊಡ್ತಾರೆ ಅಂತ ಬೆರಳು ತೊಳ್ಕೊಂಡು ಹೋಗಿದ್ದೆ. ಕೊಟ್ಟಿದ್ದು ಕಾರ್ಪೆಟ್ಟು. ಕೆಂಪು ಬಣ್ಣದ್ದು, ಮಧ್ಯದಲ್ಲಿ ನವಿಲು. ತಂದು ಹಾಸ್ದೆ. ಕೀಟಲೆ ಮಾಡೋನಿಗೆ ಒಂದು ಕಷ್ಟ ಇದೆ ನೋಡಿ, ಎದುರಿಗೆ ಒಬ್ಬ ಬೇಕು. ಹಾಡೋನಾದ್ರೆ ಬಚ್ಚಲಲ್ಲೇ ಹಾಡ್ಕೊಂಡು ಖುಷಿಪಡಬಹುದು. ನಾನು ಯಾರನ್ನ ಬೇಸ್ತು ಬೀಳಿಸ್ಲಿ, ಗೋಡೇನಾ? ಜೊತೆಗೆ ದುಡಿದೋರು ಕೆಲವರು ಮೇಲೆ ಹೋದ್ರು, ಇನ್ನು ಕೆಲವರು ಮೊಮ್ಮಕ್ಕಳ ಊರಿಗೆ ಹೋದ್ರು. ಕೆಳಗಿನ ಮನೆ ಓನರ್ ಬಾಡಿಗೆ ಬಂದ ತಕ್ಷಣ ಫೋನಲ್ಲಿ ಒಂದು ಹೆಬ್ಬೆಟ್ಟಿನ ಚಿತ್ರ ಕಳಿಸ್ತಾನೆ. ತಿಂಗಳಿಗೆ ಅದೇ ಮಾತುಕತೆ.

ಹೀಗಿರುವಾಗ ಒಂದು ದಿನ ಪೇಪರ್ ಮಧ್ಯದಿಂದ ಒಂದು ಚೀಟಿ ಬಿತ್ತು. “ಸೋಫಾ, ಕಾರ್ಪೆಟ್ ಶುಚಿ ಮಾಡಿಕೊಡಲಾಗುವುದು. ಮನೆಗೆ ಬಂದು ನೋಡಿ ರೇಟು ಹೇಳುತ್ತೇವೆ, ಉಚಿತ.” ಬೇರೆಯೋರಿಗಾದ್ರೆ ‘ಉಚಿತ’ ಅನ್ನೋದು ಕಣ್ಣಿಗೆ ಬೀಳ್ತಿತ್ತು. ನನಗೆ ಬಿದ್ದಿದ್ದು ‘ಮನೆಗೆ ಬಂದು’.

ಫೋನ್ ಮಾಡ್ದೆ, ಬಂದ. ದಪ್ಪ ಆಸಾಮಿ, ಕೈಲಿ ಟೇಪು. ಬಗ್ಗಿ ಕಾರ್ಪೆಟ್ ಉಜ್ಜಿ ನೋಡ್ದ, ಮೂಸಿ ನೋಡ್ದ, ಆಮೇಲೆ ನನ್ನನ್ನ ನೋಡ್ದ. “ಸಾರ್, ಇದು ಕೊಳೆನೇ ಆಗಿಲ್ವಲ್ಲ. ಯಾರೂ ತುಳಿದೇ ಇಲ್ಲ ಇದನ್ನ.”

“ನಮ್ಮನೇಗೆ ಬರೋರೆಲ್ಲ ಹಾರ್ಕೊಂಡು ಬರ್ತಾರೆ ಕಣಪ್ಪ,” ಅಂದೆ. ನಗಲಿಲ್ಲ. ಆದ್ರೆ ಕಾಫಿ ಕುಡ್ದ. ಚದರಡಿ ಲೆಕ್ಕ ಹಾಕ್ದ, ಇಷ್ಟು ಚಿಕ್ಕದಕ್ಕೆ ಚದರಡಿ ಲೆಕ್ಕ ಗಿಟ್ಟಲ್ಲ, ಮಿನಿಮಮ್ ಚಾರ್ಜ್ ಅಂತ ಒಂದಿದೆ ಅಂದ. ಸೋಫಾನೂ ಇದ್ದಿದ್ರೆ ಕಾರ್ಪೆಟ್ಟನ್ನ ಅರ್ಧಕ್ಕೇ ಮಾಡ್ತಿದ್ನಂತೆ. ಯೋಚನೆ ಮಾಡಿ ಹೇಳ್ತೀನಿ ಅಂದೆ. ಅವನು ಹೋದ ಮೇಲೆ ನೋಡಿದ್ರೆ, ಅರ್ಧ ಗಂಟೆ ಹೋಗಿದ್ದೇ ಗೊತ್ತಾಗಿರಲಿಲ್ಲ. ಅವತ್ತು ಅನ್ನಕ್ಕೆ ಇಡುವಾಗ ಸಿಳ್ಳೆ ಹಾಕ್ತಾ ಇಟ್ಟೆ.

ಅಲ್ಲಿಂದ ಸಂಶೋಧನೆ ಶುರುವಾಯ್ತು ನೋಡಿ. ಗಿರಾಕಿ ಚಪ್ಪಲಿ ನೋಡಿ ರೇಟು ಹೇಳೋ ವಿದ್ಯೆ ನಮ್ಮದೇ, ಇವರದೂ ಅದೇನಾ ಅಂತ ತಿಳ್ಕೋಬೇಕಿತ್ತು. ಇನ್ನೊಂದು ಕಂಪನಿಯೋನು ಬಂದಾಗ ತೂತು ಬನಿಯನ್ ಹಾಕ್ಕೊಂಡು ಕೂತೆ. ಮತ್ತೊಬ್ಬ ಬಂದಾಗ ರೇಷ್ಮೆ ಪಂಚೆ ಉಟ್ಟು, ಶಲ್ಯ ಹೊದ್ದು, ಯಾದವಗಿರಿ ಬಂಗಲೆ ಮಾರಿ ಇಲ್ಲಿಗೆ ಬಂದೆ ಅಂದೆ. ಅದೇ ಕಾರ್ಪೆಟ್ಟು, ಅದೇ ನವಿಲು, ರೇಟು ಮಾತ್ರ ಎರಡರಷ್ಟು. “ಇದು ಉಲ್ಲನ್ನಾ, ಸಿಂಥೆಟಿಕ್ಕಾ?” ಅಂತ ಕೇಳಿದೋನಿಗೆ “ನೀವೇ ಹೇಳಿ” ಅಂದೆ. ಅವನು ಶಲ್ಯ ನೋಡಿ “ಉಲ್ಲನ್” ಅಂದ. ಕೊಳೆ ಇಲ್ಲ ಅನ್ನೋ ಮಾತು ಮತ್ತೆ ಬರಬಾರದು ಅಂತ ನಾನೇ ಅದರ ಮೇಲೆ ಹುಳಿ ಚೆಲ್ಲಿದೆ. ಕಾಫಿ ಕಲೆಗೆ ಒಂದು ರೇಟು, ಅರಿಶಿನ ಇರೋ ಹುಳಿಗೆ ಇನ್ನೊಂದು. ಮಹಡಿ ಮೆಟ್ಟಿಲು ಹತ್ತಿಳಿಯೋದಕ್ಕೆ ಬೇರೆ. ನಾಯಿ ಇದ್ರೆ ಅದಕ್ಕೂ ಬೇರೆ ಅಂದ ಒಬ್ಬ ಹುಡ್ಗ.

“ನಾಯಿ ಇದೆಯಾ ಸಾರ್?”

“ಇದೆ. ವಾಕಿಂಗ್ ಹೋಗಿದೆ.”

“ಯಾರ ಜೊತೆ?”

“ಒಂದೇ ಹೋಗುತ್ತೆ. ಮನೇಲಿ ಬೇಜಾರಂತೆ ಅದಕ್ಕೆ.”

ಆ ಹುಡ್ಗ ಬರ್ಕೊಂಡ ಕಣ್ರೀ, ನಾಯಿ ಅಂತ.

ಸೋಮವಾರ ಒಬ್ಬ, ಗುರುವಾರ ಒಬ್ಬ. ಬರ್ತಾರೆ ಅಂದ್ರೆ ಬೆಳಿಗ್ಗೇನೇ ಡಿಕಾಕ್ಷನ್ ಇಳಿಸಿ ಕಾಯೋದು, ಗಡ್ಡ ಹೆರೆಯೋದು. ಆಮೇಲೆ ಏನಾಯ್ತೋ, ಯಾರಿಗೆ ಫೋನ್ ಮಾಡಿದ್ರೂ ಒಂದೇ ಮಾತು. “ಸಾರ್, ಬಂದು ನೋಡೋದಕ್ಕೆ ವಿಸಿಟಿಂಗ್ ಚಾರ್ಜ್ ಇದೆ. ಮೊದಲೇ ಹಾಕ್ಬುಡಿ.” ಒಬ್ಬ ಅಂದ, ಇನ್ನೊಬ್ಬ ಅಂದ, ಎಲ್ಲರೂ ಅಂದ್ರು. ಎರಡು ವಾರ ನಮ್ಮ ಮೆಟ್ಟಿಲಲ್ಲಿ ಹಾಲಿನೋನ ಕಾಲ್ಸದ್ದು ಬಿಟ್ರೆ ಬೇರೆ ಸದ್ದಿಲ್ಲ. ಅವನೂ ಪ್ಯಾಕೆಟ್ ಇಟ್ಟು ಇಳಿದು ಹೋಗ್ತಾನೆ. ಕೊನೆಗೆ ತಡೆಯೋಕಾಗದೆ, ಮಂಜುಳಮ್ಮ ಅನ್ನೋರಿಗೆ ಚಾರ್ಜ್ ಕೊಟ್ಟೇ ಕರೆಸ್ದೆ.

ಮಂಜುಳಮ್ಮ ಸ್ವಂತ ಕ್ಲೀನಿಂಗ್ ಕಂಪನಿ ನಡೆಸೋ ಹೆಂಗಸು. ಸ್ಕೂಟರಲ್ಲಿ ಬಂದ್ರು. ಬಾಗಿಲಲ್ಲೇ ನಿಂತು, “ಚಾಮರಾಜಪುರಂ ತಾತ ನೀವೇನಾ? ನಾಯಿ ಬಂತಾ ವಾಕಿಂಗಿಂದ?” ಅಂದ್ರು.

ಕಾರ್ಪೆಟ್ ತೊಳೆಯೋರದ್ದೇ ಒಂದು ಗ್ರೂಪಿದೆಯಂತೆ ಫೋನಲ್ಲಿ. ಅದರಲ್ಲಿ ನಾನು ಭಾರಿ ಫೇಮಸ್ಸಂತೆ. ‘ಕಾಫಿ ಚೆನ್ನಾಗಿದೆ, ಕೆಲಸ ಸಿಗಲ್ಲ’ ಅಂತ ಒಬ್ಬ ಹಾಕಿದ್ನಂತೆ. ನನ್ನ ದೆಸೆಯಿಂದಲೇ ಎಲ್ಲ ಸೇರಿ ಚಾರ್ಜು ಶುರು ಮಾಡಿದ್ದಂತೆ. ಒಂದು ನಿಮಿಷ ನನ್ನ ಎದೆ ಉಬ್ಬಿತು. ಆಮೇಲೆ ಅರ್ಥ ಆಯ್ತು, ಇಷ್ಟೊಂದು ಜನ ಒಟ್ಟಾಗಿ ಕೂತು ತೀರ್ಮಾನ ಮಾಡಿದಾರೆ, ಈ ಮನೆಗೆ ಹೋಗಬಾರದು ಅಂತ.

ಬಿಟ್ಟುಕೊಡೋಕಾಗುತ್ತಾ? “ನಮ್ಮ ಅಂಗಡೀಲಿ ಥಾನುಗಟ್ಟಲೆ ಬಟ್ಟೆ ಬಿಚ್ಚಿಸಿ ಒಂದು ಕರ್ಚೀಫ್ ತಗೊಂಡು ಹೋಗೋರು ಗಿರಾಕಿಗಳು. ನಾವೇನು ಚಾರ್ಜ್ ಹಾಕಿದ್ವಾ?” ಅಂದೆ.

“ಅವರು ನಿಮ್ಮ ಅಂಗಡಿಗೆ ಬರ್ತಿದ್ರು ತಾತ. ಇಲ್ಲಿ ನಾವು ನಿಮ್ಮ ಮನೆಗೆ ಬರ್ತೀವಿ. ಪೆಟ್ರೋಲು ಯಾರ್ದು?”

“ಅದಿರಲಿ, ನಿಜ ಹೇಳಮ್ಮ. ರೇಟು ಹೆಂಗೆ ಹಾಕ್ತೀರ?”

“ಉದ್ದ ಅಗಲ ಐದು ನಿಮಿಷದ ಕೆಲಸ. ಕಲೆ ನೋಡ್ತೀವಿ, ಮೆಟ್ಟಿಲು ನೋಡ್ತೀವಿ. ಆಮೇಲೆ ಮನೆಯೋರು ಎಷ್ಟು ಹೊತ್ತು ಮಾತಾಡ್ತಾರೆ ಅಂತ ಅಂದಾಜು ಮಾಡಿ ಅದನ್ನೂ ಸೇರಿಸ್ತೀವಿ. ಅದನ್ನ ಅಳೆಯೋಕೆ ಟೇಪಿಲ್ಲ ನೋಡಿ.”

ಕೆಲಸ ಕೊಟ್ರೆ ವಿಸಿಟಿಂಗ್ ಚಾರ್ಜ್ ಬಿಲ್ಲಲ್ಲಿ ಕಳೀತೀನಿ ಅಂದ್ರು. ಸರಿ, ಕೊಟ್ಬುಟ್ಟೆ. ಅಷ್ಟರಲ್ಲಿ ಗೊಂಬೆಗಳ ಮಧ್ಯೆ ನಿಂತ ಕಥೆ ಶುರು ಮಾಡಿದ್ದೆ. ಗಿರಾಕಿ ಚಪ್ಪಲಿ ಬಿಟ್ಟು ಓಡೋ ಜಾಗಕ್ಕೆ ಬರುವಾಗ ಅವರ ಕಾಫಿ ಲೋಟ ಖಾಲಿ. “ಇರಿ ತಾತ, ಇನ್ನೊಂದು ಲೋಟ ಹಾಕ್ಕೊಡಿ, ಕಥೆ ಪೂರ್ತಿ ಕೇಳ್ಕೊಂಡೇ ಹೋಗ್ತೀನಿ,” ಅಂದ್ರು.

ಕಾರ್ಪೆಟ್ ಸುತ್ಕೊಂಡು ಹೋದ್ರು. ವಾರದ ಮೇಲೆ ಅದು ತೊಳೆದು ಬಂತು. ತಂದೋನು ಕೆಳಗಡೆ ಓನರ್ ಹತ್ತಿರ ಇಟ್ಟು ಹೋಗಿದ್ದ. ಹುಳಿ ಕಲೆ ಗುರುತೂ ಇಲ್ಲ. ಇನ್ನು ವರ್ಷಗಟ್ಟಲೆ ತೊಳೆಯೋ ಹಾಗಿಲ್ಲ ಅಂತ ಮಂಜುಳಮ್ಮ ಮೆಸೇಜ್ ಕಳಿಸಿದ್ರು. ಅಂದ್ರೆ ನಾನು ಯಾರನ್ನೂ ಕರೆಯೋ ಹಾಗಿಲ್ಲ. ಹಾಸಿ, ಒಬ್ಬನೇ ಅದರ ಮೇಲೆ ಆ ಕಡೆಯಿಂದ ಈ ಕಡೆಗೆ ಒಂದಷ್ಟು ಹೊತ್ತು ಓಡಾಡ್ದೆ. ನನ್ನೊಬ್ಬನಿಂದ ಎಷ್ಟು ಕೊಳೆಯಾದೀತು, ಹೇಳಿ.

ಇಷ್ಟು ಹೇಳಿದ್ದರಲ್ಲಿ ನಾನು ಕೈಯಿಂದ ಸೇರಿಸಿದ್ದು ಒಂದೇ ಒಂದು. ನಾಯಿ ಅಂದ್ಕೊಂಡ್ರಾ? ಅದು ಅವರಿಗೆ ಹೇಳಿದ ಸುಳ್ಳು, ನಿಮಗಲ್ಲ. ಆ ಎರಡನೇ ಲೋಟ ಕಾಫಿ ಇದೆಯಲ್ಲ, ಅದು. ಮಂಜುಳಮ್ಮ ಅದನ್ನ ಕೇಳಲಿಲ್ಲ. ಮೊದಲನೇದನ್ನೇ ಅರ್ಧ ಬಿಟ್ಟು ಎದ್ರು, ಇನ್ನೂ ನಾಲ್ಕು ಮನೆ ಇತ್ತಂತೆ. ಕೆಳಗೆ ಸ್ಕೂಟರ್ ಹೊರಟ ಮೇಲೆ, ಎಂಜಲು ಗಿಂಜಲು ನೋಡದೆ, ಉಳಿದ ಅರ್ಧ ನಾನೇ ಕುಡಿದು ನೋಡ್ದೆ. ಸಕ್ಕರೆ ಸರಿಯಾಗೇ ಇತ್ತು ಕಣ್ರೀ.